ಎರಡನೆಯ ಭಾನುವಾರದ ಕರೆ

ಸೇನೆಯ ತರಬೇತಿಗೆ ನಾನು ಹೊರಟ ದಿನ ಅಪ್ಪ ಅಮ್ಮ ಇಬ್ಬರೂ ರಸ್ತೆಯವರೆಗೆ ಬಂದು ಬಸ್ಸು ಹತ್ತಿಸಿದರು. ಕಳಸದಿಂದ ಮೂಡಿಗೆರೆ ಮೇಲೆ ಚಿಕ್ಕಮಗಳೂರಿಗೆ ಹೋಗುವ ಬೆಳಗಿನ ಬಸ್ಸು ಅದು. ಅಪ್ಪ ಬಾಡಿಗೆ ಜೀಪು ಓಡಿಸುವವರು. ಅಂದು ಜೀಪು ಹೊರಗೆ ತೆಗೆದಿರಲಿಲ್ಲ. ಅಮ್ಮ ಅಳಲಿಲ್ಲ, ನನ್ನ ಚೀಲದ ಜಿಪ್ಪು ಸರಿಯಾಗಿ ಹಾಕಿದೆಯೇ ಎಂದು ಮತ್ತೆ ಮತ್ತೆ ಎಳೆದು ನೋಡಿದರು. ಬಸ್ಸು ಹೊರಟ ಮೇಲೆ ಅಪ್ಪ ಕೈ ಬೀಸುತ್ತಾರೆಂದು ತಿರುಗಿ ನೋಡಿದೆ. ಅವರು ಆಗಲೇ ಮನೆ ಕಡೆ ಮುಖ ಮಾಡಿ ನಡೆಯುತ್ತಿದ್ದರು.

ಮುಂದಿನ ಸ್ಟಾಪಿನಲ್ಲಿ ನನ್ನ ಹುಡುಗಿ ಹತ್ತಿದಳು. ಅವಳು ನನ್ನನ್ನು ಬೀಳ್ಕೊಡಲು ಬಂದವಳಲ್ಲ. ಮೂಡಿಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿ ಅವಳಿಗೆ ಕೆಲಸ, ದಿನವೂ ಅದೇ ಬಸ್ಸಿಗೆ ಹೋಗುತ್ತಿದ್ದಳು. ಪಿಯುಸಿಯಲ್ಲಿ ಒಟ್ಟಿಗೆ ಓದಿದವರು ನಾವು. ಆಗಿನಿಂದಲೂ ಜೊತೆ. ಮನೆಗಳಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವಳ ಅಪ್ಪ ಅಲ್ಲೇ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕೊಯ್ಲಿನ ತೂಕ, ಗೊಬ್ಬರ, ಎಲ್ಲವೂ ಅವರ ಕೈಯಲ್ಲೇ ನಡೆಯಬೇಕು. ಕಡಿಮೆ ಮಾತಿನ, ಗಟ್ಟಿ ದನಿಯ ಮನುಷ್ಯ. ನನಗಂತೂ ಅವರೆಂದರೆ ಹೆದರಿಕೆ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ನಮ್ಮೂರಿನ ಹಿರಿಯರೊಬ್ಬರು ಕೂತಿದ್ದರು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಕೊಟ್ಟಿಗೆಹಾರ ದಾಟಿ ಮೂಡಿಗೆರೆ ಬರುವವರೆಗೂ ನಾನು ಅವಳ ಜಡೆಯನ್ನೂ, ಜಡೆಗೆ ಹಾಕಿದ ಕಪ್ಪು ಬ್ಯಾಂಡನ್ನೂ ನೋಡುತ್ತ ಹಿರಿಯರ ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. ಮೂಡಿಗೆರೆಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಇಳಿದು ಹೋದವಳು ನನ್ನ ಕಿಟಕಿಯ ಕೆಳಗೆ ಬಂದು ಒಂದು ಕವರ್ ಎತ್ತಿ ಕೊಟ್ಟಳು.

"ಎಂತ ಇದು?" ಎಂದೆ.

"ಕಾಲಿಗೆ. ಬ್ಯಾಂಡೇಜು, ಪೌಡರು, ಸ್ಪ್ರೇ. ಹೊಸ ಬೂಟು ಕಚ್ತದೆ."

ಪಕ್ಕದ ಹಿರಿಯರು ಬಗ್ಗಿ ನೋಡಿದರು. ಅವಳು ಅವರಿಗೂ ಕೇಳುವ ಹಾಗೆ, "ಬಿಲ್ಲು ಒಳಗೆ ಇದೆ, ನೋಡ್ಕೊಳ್ಳಿ" ಎಂದು ಗಿರಾಕಿಗೆ ಹೇಳುವಂತೆ ಹೇಳಿ ಹೊರಟುಹೋದಳು. ನಾಲ್ಕು ಹೆಜ್ಜೆ ಹೋಗಿ ತಿರುಗುತ್ತಾಳೆ ಎಂದುಕೊಂಡಿದ್ದೆ. ತಿರುಗಲಿಲ್ಲ. ಯಾಕೆ ತಿರುಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ತಿರುಗಿದ್ದರೆ ಆ ದಿನ ಅಂಗಡಿಯಲ್ಲಿ ನಿಂತು ಔಷಧಿ ಕೊಡಲು ಆಗುತ್ತಿರಲಿಲ್ಲ ಅನ್ನುತ್ತಾಳೆ.

ಚಿಕ್ಕಮಗಳೂರಿನಿಂದ ಕಡೂರು, ಕಡೂರಿನಿಂದ ರೈಲು. ಮಹಾರಾಷ್ಟ್ರದ ಒಂದು ಬಯಲು ಊರಿನಲ್ಲಿ ನಮ್ಮ ತರಬೇತಿ ಕೇಂದ್ರವಿತ್ತು. ಮೇ ತಿಂಗಳ ಬಿಸಿಲು. ಗೇಟಿನೊಳಗೆ ಹೋದ ದಿನವೇ ತಲೆ ಬೋಳಿಸಿದರು, ಬೂಟು, ಬಟ್ಟೆ, ಮಗ್ಗು, ಪ್ಲೇಟು ಕೊಟ್ಟರು, ಫೋನು ಕಿತ್ತುಕೊಂಡರು. ಫೋನಿನ ಹಿಂದೆ ಹೆಸರು ಬರೆದ ಟೇಪು ಅಂಟಿಸಿ ಒಂದು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಭಾನುವಾರ ಮಧ್ಯಾಹ್ನ ಊಟದ ನಂತರ ಸ್ವಲ್ಪ ಹೊತ್ತು ಕೊಡುತ್ತಾರೆ, ಆಮೇಲೆ ಮತ್ತೆ ಪೆಟ್ಟಿಗೆಗೆ. ಇದು ಮೊದಲೇ ಗೊತ್ತಿತ್ತು. ನಮ್ಮ ಕಡೆಯಿಂದ ಹಿಂದೆ ಸೇರಿದ್ದವರು ಹೇಳಿದ್ದರು. ಹಾಗಾಗಿ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅವಳ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮನೆಯ ಮೇಲಿನ ಗುಡ್ಡದಲ್ಲಿ ಎಸ್ಟೇಟಿನ ನೀರಿನ ಟ್ಯಾಂಕು ಇದೆ, ಅದರ ಹತ್ತಿರ ನಿಂತರೆ ಸಿಗುತ್ತದೆ. ಭಾನುವಾರ ಊಟವಾದ ಮೇಲೆ ಅವಳು ಅಲ್ಲಿಗೆ ಬಂದು ನಿಲ್ಲುವುದು, ನಾನು ಯಾವಾಗ ಫೋನು ಸಿಕ್ಕುತ್ತದೋ ಆಗ ಮಾಡುವುದು.

ಮೊದಲ ವಾರ ಕಷ್ಟ ಅಂತ ಹೇಳುವುದಕ್ಕಿಂತ ಅವಸರ ಅಂತ ಹೇಳಬೇಕು. ಎಲ್ಲದಕ್ಕೂ ಓಡಬೇಕು. ಹಲ್ಲುಜ್ಜಲು ಓಡು, ತಿಂಡಿಗೆ ಓಡು, ಪ್ಲೇಟು ತೊಳೆಯಲು ಓಡು. ಓಟದ ಬಗ್ಗೆ ನನಗೆ ಭಯವಿರಲಿಲ್ಲ. ಸೈನ್ಯಕ್ಕೆ ಸೇರುವ ಮೊದಲು ಎರಡು ಮಳೆಗಾಲ ನಾನು ಎಸ್ಟೇಟ್ ರಸ್ತೆಯ ಏರಿನಲ್ಲಿ ಓಡಿ ಅಭ್ಯಾಸ ಮಾಡಿದವನು. ಇಲ್ಲಿ ನೆಲ ಚಪ್ಪಟೆ, ಓಡುವುದು ಸುಲಭ. ತೊಂದರೆ ಬಂದದ್ದು ಬೂಟಿನಿಂದ ಮತ್ತು ಹಿಂದಿಯಿಂದ. ಬೂಟು ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿತು. ಅವಳು ಕೊಟ್ಟ ಬ್ಯಾಂಡೇಜು ನನ್ನ ಕಾಲಿಗಷ್ಟೇ ಅಲ್ಲ, ನಮ್ಮ ಬ್ಯಾರಕ್ಕಿನ ಆ ಸಾಲಿನ ಎಲ್ಲರ ಕಾಲಿಗೂ ಹೋಗಿ ಬೇಗನೆ ಖಾಲಿಯಾಯಿತು. ಹಿಂದಿಯಂತೂ ನನಗೆ ಸಿನಿಮಾದಷ್ಟೂ ಬರುತ್ತಿರಲಿಲ್ಲ. ಎಡಕ್ಕೆ ತಿರುಗಿ ಎಂದಾಗ ನಾನು ಪಕ್ಕದವನನ್ನು ನೋಡಿ ತಿರುಗುತ್ತಿದ್ದೆ. ಅದರಿಂದ ಯಾವಾಗಲೂ ಅರೆಕ್ಷಣ ತಡ.

ಆ ಪಕ್ಕದವನು ಬಾಗಲಕೋಟೆ ಕಡೆಯವನು. ನನ್ನ ಮಂಚದ ಮೇಲಿನ ಮಂಚ ಅವನದು. ಒಂದೆರಡು ವರ್ಷ ಪುಣೆಯಲ್ಲಿ ಕೆಲಸ ಮಾಡಿದ್ದರಿಂದ ಹಿಂದಿ ಚೆನ್ನಾಗಿ ಬರುತ್ತಿತ್ತು. ನನ್ನ ಮಾತು ಕೇಳಿದರೆ ಅವನಿಗೆ ನಗು, ಅವನ ಮಾತು ಕೇಳಿದರೆ ನನಗೆ ಖುಷಿ. ಇಡೀ ಕೇಂದ್ರದಲ್ಲಿ ಕನ್ನಡ ಕೇಳಿಸುತ್ತಿದ್ದದ್ದೇ ಅಪರೂಪ.

ಮೊದಲ ಭಾನುವಾರ ಬಂತು. ಫೋನು ಕೈಗೆ ಬಂದ ಕೂಡಲೇ ಅವಳ ನಂಬರಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಂಗಸಿನ ದನಿ ಹೇಳಿತು. ಸ್ವಲ್ಪ ಬಿಟ್ಟು ಮಾಡಿದೆ, ಅದೇ ದನಿ. ವಾರವಿಡೀ ಅವಳು ಅಂಗಡಿಯಿಂದ ಕಳಿಸಿದ್ದ ಮೆಸೇಜುಗಳು ಒಂದರ ಹಿಂದೆ ಒಂದು ಬಂದು ಬಿದ್ದವು. ಅಂಗಡಿಗೆ ಬಂದ ಗಿರಾಕಿಗಳ ಸುದ್ದಿ, ಮಧ್ಯಾಹ್ನ ತಿಂದ ಊಟದ ಸುದ್ದಿ. ಶನಿವಾರ ಸಂಜೆಯದು ಕೊನೆಯದು: ನಾಳೆ ಟ್ಯಾಂಕಿನ ಹತ್ರ ಇರ್ತೀನಿ. ಅಷ್ಟೇ. ನಾನು ಮತ್ತೆ ಮಾಡಿದೆ. ಸುತ್ತ ಎಲ್ಲರೂ ಮರದ ಕೆಳಗೆ, ಗೋಡೆಗೆ ಒರಗಿ, ಅವರವರ ಭಾಷೆಯಲ್ಲಿ ಮಾತಾಡುತ್ತಿದ್ದರು. ಕೆಲವರು ಅಳುತ್ತಿದ್ದರು. ಕೊನೆಗೆ ಮನೆಗೆ ಮಾಡಿದೆ.

ಅಮ್ಮ ಊಟದ ಬಗ್ಗೆ, ಸ್ನಾನದ ನೀರಿನ ಬಗ್ಗೆ ಕೇಳಿದರು. ಆಮೇಲೆ ಊರಿನ ಸುದ್ದಿ ಹೇಳುತ್ತ, "ಆ ಕಡೆ ಎಸ್ಟೇಟಿಗೆ ಆನೆ ಬಂದಿದಾವೆ ಮಾರಾಯ. ನಿನ್ನೆಯಿಂದ ಹೋಗಿಲ್ಲ. ಹಲಸಿನ ಹಣ್ಣಿನ ವಾಸನೆಗೆ ಬಂದದ್ದು. ಫಾರೆಸ್ಟಿನವ್ರು ಮೈಕಲ್ಲಿ ಹೇಳ್ಕೊಂಡು ಹೋದ್ರು, ಯಾರೂ ಹೊರಗೆ ಬರ್ಬೇಡಿ ಅಂತ" ಎಂದರು.

"ಯಾವ ಎಸ್ಟೇಟ್?"

ಅಮ್ಮ ಹೇಳಿದ್ದು ಅವಳ ಅಪ್ಪ ಇದ್ದ ಎಸ್ಟೇಟು.

"ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಗೊತ್ತಿಲ್ಲ. ಲೈನಿನ ಮೇಲೆ ಮರ ಬಿದ್ದು ಆ ಕಡೆ ಕರೆಂಟೂ ಇಲ್ಲ. ನಿಂಗೆ ಯಾಕೆ ಅದೆಲ್ಲ, ನೀನು ಅಲ್ಲಿ ಹುಷಾರಾಗಿರು."

ಇನ್ನೂ ಕೇಳಬೇಕಿತ್ತು, ಹೇಗೆ ಕೇಳುವುದು ತಿಳಿಯಲಿಲ್ಲ. ರೈಟರ ಮಗಳು ಹೇಗಿದ್ದಾಳೆ ಎಂದು ಇಲ್ಲಿಂದ ಕೇಳಿದರೆ ಅಮ್ಮನಿಗೆ ಎಲ್ಲ ತಿಳಿಯುತ್ತದೆ. ಕೇಳದೆ ಬಿಟ್ಟೆ. ಫೋನು ಪೆಟ್ಟಿಗೆಗೆ ಹೋಯಿತು.

ನಮ್ಮ ಕಡೆ ಆನೆ ಹೊಸದಲ್ಲ. ಗದ್ದೆ ತುಳಿದದ್ದು, ಬಾಳೆ ಮುರಿದದ್ದು ನೋಡುತ್ತಲೇ ಬೆಳೆದವರು ನಾವು. ಈಚಿನ ವರ್ಷಗಳಲ್ಲಿ ಮನುಷ್ಯರು ಸತ್ತದ್ದನ್ನೂ ಕೇಳಿದ್ದೇವೆ. ಹೆಚ್ಚಿನವರು ಸತ್ತದ್ದು ಎಸ್ಟೇಟ್ ರಸ್ತೆಯ ತಿರುವಿನಲ್ಲಿ, ಎದುರು ಬಂದದ್ದು ಕಾಣದೆ. ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಅಂಥ ತಿರುವು ಇದೆ, ಅಲ್ಲೇ ದೊಡ್ಡ ಹಲಸಿನ ಮರವೂ ಇದೆ. ಅವಳು ನನ್ನ ಫೋನಿಗಾಗಿ ಆ ದಾರಿಯಲ್ಲಿ ಹೋಗಿದ್ದರೆ ಎಂಬುದೊಂದೇ ತಲೆಯಲ್ಲಿ ಕೂತಿತು. ಏನಾದರೂ ಆಗಿದ್ದರೆ ಅಮ್ಮನಿಗೆ ಸುದ್ದಿ ಸಿಕ್ಕಿರುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾನು ಅಮ್ಮನ ಹತ್ತಿರ ಮಾತಾಡಿದ ಮೇಲೆ ಆಗಿದ್ದರೆ ಎಂದು ಮತ್ತೆ ಶುರುವಾಗುತ್ತಿತ್ತು.

ಮಂಗಳವಾರವೋ ಬುಧವಾರವೋ, ಬಾಗಲಕೋಟೆಯವನು ಊಟದ ಸಾಲಿನಲ್ಲಿ ಕೇಳಿದ.

"ಯಾಕ ತಮ್ಮಾ, ಮೋತಿ ಹಿಂಗ್ಯಾಕ ಮಾಡ್ಕೊಂಡಿ? ರೊಟ್ಟಿನೂ ತಿನ್ನವಲ್ಲಿ."

ಅವನಿಗೆ ಎಲ್ಲ ಹೇಳಿದೆ. ಹುಡುಗಿಯ ವಿಷಯ ನಾನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಅವನು ಪೂರ್ತಿ ಕೇಳಿ, "ಆನಿ ಅಂದ್ರ ಖರೇನ ಆನಿ ಏನು? ರಸ್ತಾದಾಗ ನಿಂತಿರ್ತಾವ?" ಎಂದ.

"ಹೌದು."

"ನಮ್ಮ ಕಡೆ ಆನಿ ಬಂದ್ರ ಮಾವುತ ಸಂಗಾಟ ಬರ್ತಾನ. ಊರ ಮಂದಿ ರೊಕ್ಕ ಕೊಟ್ಟು ಕೈ ಮುಗೀತಾರ" ಎಂದು ಸ್ವಲ್ಪ ಯೋಚಿಸಿದ. "ನೀ ಹೇಳಿದ್ದು ನೋಡಿದ್ರ, ಆಕಿ ಶಾಣೆ ಅದಾಳ. ಹೋಗಿರಂಗಿಲ್ಲ. ಉಣ್ಣು."

ಉಂಡೆ. ಆದರೆ ಡ್ರಿಲ್ಲಿನಲ್ಲಿ ತಪ್ಪುಗಳು ಹೆಚ್ಚಿದವು. ಒಂದು ಬೆಳಿಗ್ಗೆ ಇಡೀ ಸಾಲು ಎಡಕ್ಕೆ ತಿರುಗಿದಾಗ ನಾನೊಬ್ಬನೇ ಬಲಕ್ಕೆ ತಿರುಗಿ ಬಾಗಲಕೋಟೆಯವನಿಗೆ ಎದುರಾಗಿ ನಿಂತೆ. ನಮಗೆ ಕಲಿಸುವ ಹವಾಲ್ದಾರರನ್ನು ನಾವು ಉಸ್ತಾದ್ ಎಂದು ಕರೆಯಬೇಕಿತ್ತು. ಉತ್ತರದ ಬೆಟ್ಟದ ಸೀಮೆಯವರು, ಗಿಡ್ಡಗೆ, ಗಟ್ಟಿಯಾಗಿದ್ದರು. ನನ್ನನ್ನು ಸಾಲಿನಿಂದ ಹೊರಗೆ ಕರೆದು, ಮನೆಯಲ್ಲಿ ಏನಾಗಿದೆ ಎಂದು ಹಿಂದಿಯಲ್ಲಿ ಕೇಳಿದರು. ಅಷ್ಟು ಅರ್ಥವಾಯಿತು. ಉತ್ತರ ಕೊಡಲು ನನ್ನ ಹತ್ತಿರ ಇದ್ದ ಹಿಂದಿಯನ್ನೆಲ್ಲ ಒಟ್ಟು ಮಾಡಿದೆ.

"ಘರ್ ಮೇ ಹಾಥಿ ಆಯಾ, ಉಸ್ತಾದ್."

ಮನೆಯೊಳಗೆ ಆನೆ ಬಂತು ಎಂದದ್ದಕ್ಕೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಉಸ್ತಾದ್ ನಗಲಿಲ್ಲ. ಬಾಗಲಕೋಟೆಯವನನ್ನು ಕರೆದು ವಿವರ ಕೇಳಿದರು. ಅವನು ಹುಡುಗಿಯ ಮಾತು ಬಿಟ್ಟು, ಊರಿನಲ್ಲಿ ಆನೆ ಹಿಂಡು ಬಂದಿದೆ, ಮನೆಯವರ ಸುದ್ದಿ ಸಿಕ್ಕಿಲ್ಲ ಎಂದು ಹೇಳಿದ. ಉಸ್ತಾದ್ ಅವರ ಊರಿನಲ್ಲಿ ಚಿರತೆ ಬರುತ್ತದಂತೆ. ತಾನು ಹೊಸದಾಗಿ ಸೇರಿದಾಗ ಮನೆಯಿಂದ ಸುದ್ದಿ ಬರಲು ತಿಂಗಳು ಹಿಡಿಯುತ್ತಿತ್ತು, ನೀನು ಭಾನುವಾರದವರೆಗೆ ಕಾಯಬಲ್ಲೆ ಎಂದರು. ಆಮೇಲೆ, ಬಲಕ್ಕೆ ತಿರುಗಿದ್ದಕ್ಕೆ ಮೈದಾನದ ಸುತ್ತ ಓಡಿಸಿದರು. ಓಡಿ ಬಂದ ಮೇಲೆ ಮನಸ್ಸು ಸ್ವಲ್ಪ ಹಗುರವಾಗಿದ್ದು ನಿಜ. ಅವರಿಗೆ ಅದು ಗೊತ್ತಿತ್ತೋ ಏನೋ.

ಎರಡನೆಯ ಭಾನುವಾರ ಪೆಟ್ಟಿಗೆ ತೆರೆದಾಗ ಉಸ್ತಾದ್ ಮೊದಲು ನನ್ನ ಫೋನನ್ನೇ ಎತ್ತಿ ಕೊಟ್ಟರು. ಇಂಟರ್‌ನೆಟ್ ಆನ್ ಮಾಡಿ ಮೆಸೇಜು ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ನೇರ ಅವಳಿಗೆ ಮಾಡಿದೆ. ಈ ಸಲ ರಿಂಗಾಯಿತು. ಎತ್ತಿದರು.

"ಹಲೋ" ಎಂದಿತು ಗಂಡಸಿನ ದನಿ. ಆ ಗಟ್ಟಿ ದನಿ ಯಾರದೆಂದು ಕೂಡಲೇ ತಿಳಿಯಿತು.

"ಯಾರು? ಮಿಲಿಟ್ರಿ ಹುಡುಗನಾ?"

"ಹೌದು ಸಾರ್."

"ಕಟ್ ಮಾಡ್ಬೇಡ. ಅವ್ಳು ಇಲ್ಲೇ ಇದಾಳೆ. ಮೊದ್ಲು ನನ್ನ ಹತ್ರ ಮಾತಾಡು."

ಅವಳು ಇದ್ದಾಳೆ ಎಂಬ ಒಂದೇ ಮಾತಿಗೆ ವಾರದ ಭಯವೆಲ್ಲ ಇಳಿಯಿತು. ಅದರ ಜಾಗಕ್ಕೆ ಇನ್ನೊಂದು ಭಯ ಬಂತು. ನಾನು ಅಟೆನ್ಷನ್‌ನಲ್ಲಿ ನಿಂತುಬಿಟ್ಟಿದ್ದೆ ಎಂದು ಬಾಗಲಕೋಟೆಯವನು ಆಮೇಲೆ ಎಲ್ಲರಿಗೂ ಹೇಳಿ ನಗಿಸಿದ.

"ನೀನು ನಮ್ಮ ಎಸ್ಟೇಟ್ ರೋಡಲ್ಲಿ ದಿನಾ ಬೆಳಿಗ್ಗೆ ಓಡ್ತಿದ್ದವನು ಅಲ್ವಾ? ಜೀಪಿನವನ ಮಗ."

"ಹೌದು ಸಾರ್."

"ನಿಮ್ಮ ಕಡೆ ಟಾರ್ ರೋಡೇ ಇದೆಯಲ್ಲ. ಓಡ್ಲಿಕ್ಕೆ ನಮ್ಮ ಮಣ್ಣು ರೋಡೇ ಯಾಕೆ ಬೇಕಿತ್ತು?"

"ಆ ರೋಡು ಏರು ಜಾಸ್ತಿ ಇದೆ ಸಾರ್. ದಮ್ಮು ಬರ್ತದೆ."

"ಹೂಂ. ಏರು" ಎಂದರು ಅವರು. ಹಿಂದೆ ಎಲ್ಲೋ ಅವಳು ಕೆಮ್ಮಿದ್ದು ಕೇಳಿಸಿತು. ಅದು ಕೆಮ್ಮಲ್ಲ, ನಗು ತಡೆದದ್ದು ಎಂದು ನನಗೆ ಗೊತ್ತಿತ್ತು.

ಅವರು ಮುಂದುವರಿಸಿದರು. ಊಟ ಹೇಗಿದೆ, ಅನ್ನ ಕೊಡುತ್ತಾರಾ, ಬಿಸಿಲು ತಡೆಯಲು ಆಗುತ್ತದಾ ಎಂದೆಲ್ಲ ಕೇಳಿದರು. ನಾನು ಹೇಳುತ್ತ ಹೋದೆ. ಬಳಿಕ ಒಮ್ಮೆಲೇ ಕೇಳಿದರು.

"ನಾಲ್ಕು ವರ್ಷ ಅಂತಲ್ಲ ಈಗ ಸೇರುವವರಿಗೆ. ಅದಾದ್ಮೇಲೆ ಎಂತ?"

"ಗೊತ್ತಿಲ್ಲ ಸಾರ್. ಕೆಲವರನ್ನ ಇಟ್ಕೊಳ್ತಾರೆ. ನನ್ನನ್ನ ಇಟ್ಕೊಳ್ದಿದ್ರೆ ಊರಿಗೆ ಬರ್ತೀನಿ. ಜೀಪು ಓಡಿಸ್ಲಿಕ್ಕೆ ಬರ್ತದೆ. ತೋಟದ ಕೆಲಸ ಗೊತ್ತಿದೆ."

"ಗೊತ್ತಿಲ್ಲ ಅಂತೀಯ."

"ಹೌದು ಸಾರ್. ಈಗ ಗೊತ್ತಿಲ್ಲ."

"ಆ ನಾಲ್ಕು ವರ್ಷ ಮದುವೆ ಆಗೋ ಹಾಗಿಲ್ಲ ಅಂತ ರೂಲ್ಸ್ ಇದೆಯಂತೆ, ಹೌದಾ?"

"ಹೌದು ಸಾರ್."

"ಅದೊಂದು ಒಳ್ಳೇದಾಯ್ತು. ಇವ್ಳು ಫಾರ್ಮಸಿ ಓದ್ಬೇಕು ಅಂತಾಳೆ. ಓದ್ಲಿ. ಆಮೇಲೆ ನೋಡುವ. ನಾನು ಈಗ ಹೂಂ ಅಂತಾನೂ ಹೇಳ್ಲಿಲ್ಲ, ಊಹೂಂ ಅಂತಾನೂ ಹೇಳ್ಲಿಲ್ಲ. ತಿಳೀತಾ?"

"ತಿಳೀತು ಸಾರ್."

"ತಗೋ, ಮಾತಾಡು. ಚಾರ್ಜು ಕಮ್ಮಿ ಇದೆ."

ಫೋನು ಕೈ ಬದಲಾಯಿತು. ಅವಳು ಹಲೋ ಎಂದಳು. ಅವಳಪ್ಪ ನಾಲ್ಕು ಮಾರು ದೂರದಲ್ಲಿ ನಿಂತು ರಸ್ತೆ ಕಾಯುತ್ತಿದ್ದಾರೆ ಎಂದು ಅವಳು ಮೊದಲೇ ಹೇಳಿದ್ದರಿಂದ ಆಡುವ ಮಾತೂ ಅಷ್ಟರಲ್ಲೇ ಇತ್ತು.

"ಕಾಲು ಹೇಗಿದೆ?" ಎಂದಳು.

"ಬೊಬ್ಬೆ ಬಂದಿದೆ."

"ಒಡೀಬೇಡ. ಪಿನ್ನು ಗಿನ್ನು ಹಾಕ್ಬೇಡ. ತಾನಾಗೇ ಒಣಗ್ತದೆ. ಎರಡು ಸಾಕ್ಸ್ ಹಾಕು."

"ಆನೆ ಎಂತ ಆಯ್ತು?"

ಆಗ ಅವಳು ಹೇಳಿದ್ದು. ಹಿಂದಿನ ಭಾನುವಾರ ಮೂರು ಆನೆಗಳು ಟ್ಯಾಂಕಿನ ಕೆಳಗಿನ ಹಲಸಿನ ಮರದ ಹತ್ತಿರವೇ ನಿಂತಿದ್ದವು. ಮನೆಯ ಜಗಲಿಯಿಂದ ಕಾಣುತ್ತಿದ್ದವು. ಅಪ್ಪ ಬಾಗಿಲು ಹಾಕಿ ಯಾರೂ ಹೊರಗೆ ಹೋಗಬೇಡಿ ಎಂದಿದ್ದರು. ಊಟವಾದ ಮೇಲೆ ಅವಳು ಹಿಂಬಾಗಿಲಿನಿಂದ, ಗುಡ್ಡದ ಆ ಕಡೆಯಿಂದ ಬಳಸಿ ಟ್ಯಾಂಕಿಗೆ ಹೋಗಲು ಚಪ್ಪಲಿ ಹಾಕಿದಳು. ಅಪ್ಪ ನೋಡಿಬಿಟ್ಟರು. ಅಷ್ಟು ಅರ್ಜೆಂಟು ಏನು, ಆನೆ ಕಾಣುವುದಿಲ್ಲವಾ ಎಂದು ಗದರಿಸಿದರು. ಅವಳು ಬೇರೇನೋ ಹೇಳಬಹುದಿತ್ತು. ಅಂಗಡಿಗೆ ಫೋನ್ ಮಾಡಬೇಕು ಎನ್ನಬಹುದಿತ್ತು. ಆದರೆ ಗಾಬರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಹುಡುಗ ಮಿಲಿಟರಿಗೆ ಹೋಗಿದ್ದಾನೆ, ಇವತ್ತು ಒಂದು ದಿನ ಮಾತ್ರ ಫೋನು ಕೊಡುತ್ತಾರೆ, ನಾನು ಎತ್ತದಿದ್ದರೆ ಅವನು ಹೆದರುತ್ತಾನೆ.

"ಅಪ್ಪ ಎಂತ ಹೇಳಿದ್ರು?"

"ಎಂತದೂ ಇಲ್ಲ. ಚಪ್ಪಲಿ ಬಿಚ್ಚು ಅಂದ್ರು. ಸಂಜೆವರೆಗೂ ಮಾತಾಡ್ಲಿಲ್ಲ. ಆನೆ ಹೋದ್ಮೇಲೆ ಒಳಗೆ ಬಂದು, ಯಾರ ಮಗ ಅಂದ್ರು. ಅಮ್ಮ ಮೂರು ದಿನ ನನ್ನ ಹತ್ರ ಸರಿ ಮಾತಾಡಿಲ್ಲ. ಈಗ ಪರ್ವಾಗಿಲ್ಲ."

"ಇವತ್ತು ಅವರೇ ಬಂದಿದಾರಲ್ಲ."

"ಒಬ್ಳೇ ಕಳಿಸಲ್ಲ ಅಂದ್ರು. ಆನೆ ಬಂದ್ರೆ ಹೆದರಿಸ್ಲಿಕ್ಕೆ ಪಟಾಕಿ ಹಿಡ್ಕೊಂಡು ಬಂದಿದಾರೆ" ಎಂದಳು. ಚಾರ್ಜು ಅಷ್ಟಕ್ಕೇ ಮುಗಿಯಿತು.

ಬಳಿಕ ನಾನು ಇಂಟರ್‌ನೆಟ್ ಆನ್ ಮಾಡಿದೆ. ಸೋಮವಾರ ಬೆಳಿಗ್ಗೆ ಅಂಗಡಿ ಮುಟ್ಟಿದ ಕೂಡಲೇ ಅವಳು ಎಲ್ಲವನ್ನೂ ಬರೆದು ಕಳಿಸಿದ್ದಳು, ಮುಂದಿನ ಭಾನುವಾರ ಮೊದಲು ಅಪ್ಪನೇ ಮಾತಾಡುತ್ತಾರೆ, ಹೆದರಬೇಡ ಎಂದೂ ಸೇರಿಸಿ. ಮೊದಲೇ ಓದಿದ್ದರೆ ಸ್ವಲ್ಪ ತಯಾರಾಗಿ ಮಾತಾಡುತ್ತಿದ್ದೆ. ಇನ್ನೂ ಕೆಟ್ಟದಾಗಿ ಮಾತಾಡುತ್ತಿದ್ದೆನೇನೋ. ಆ ವಾರವೇ ಅವಳಪ್ಪ ನಮ್ಮ ಅಪ್ಪನ ಜೀಪಿನಲ್ಲಿ ಕಳಸಕ್ಕೆ ಹೋದರಂತೆ. ದಾರಿಯಲ್ಲಿ ಇಬ್ಬರೂ ಏನು ಮಾತಾಡಿದರೋ ಇಂದಿಗೂ ನನಗೆ ತಿಳಿದಿಲ್ಲ. ಮುಂದಿನ ಸಲ ಫೋನ್ ಮಾಡಿದಾಗ ಅಮ್ಮ, "ಹುಡುಗಿ ಚೂಟಿ ಇದಾಳೆ" ಎಂದಷ್ಟೇ ಹೇಳಿದರು.

ಆ ಮೇಲೆ ತರಬೇತಿಯ ದಿನಗಳು ಎಲ್ಲರಿಗೂ ಹೋಗುವ ಹಾಗೆ ಹೋದವು. ಕಾಲು ಗಟ್ಟಿಯಾಯಿತು, ಹಿಂದಿ ಬಂತು, ಎಡ ಬಲ ತಪ್ಪುವುದು ನಿಂತಿತು. ಪ್ರತಿ ಭಾನುವಾರ ಮೊದಲು ಅವಳಪ್ಪ ಮಾತಾಡುತ್ತಿದ್ದರು. ಮಳೆಗಾಲದಲ್ಲಿ ಛತ್ರಿ ಹಿಡಿದು ಟ್ಯಾಂಕಿನ ಹತ್ತಿರ ನಿಂತು ಮಳೆ ಎಷ್ಟು ಬಂತು, ಕಾಯಿ ಉದುರುತ್ತಿದೆಯೋ ಇಲ್ಲವೋ ಎಂದು ಹೇಳಿ, ಆಮೇಲೆ ಫೋನು ಅವಳಿಗೆ ಕೊಡುವುದು. ನನ್ನ ಸಮಯದಲ್ಲಿ ಅರ್ಧ ಅವರಿಗೇ ಹೋಗುತ್ತಿತ್ತು. ಮೊದಮೊದಲು ಬೇಸರವಾಗುತ್ತಿತ್ತು. ಒಂದು ಭಾನುವಾರ ಜ್ವರ ಬಂದು ಅವರು ಬಾರದೆ ಇದ್ದಾಗ, ಅವರ ದನಿ ಕೇಳಲಿಲ್ಲವಲ್ಲ ಎಂದು ಅನಿಸಿ ನನಗೇ ಆಶ್ಚರ್ಯವಾಯಿತು.

ತರಬೇತಿ ಮುಗಿಸಿ ರಜೆಗೆ ಊರಿಗೆ ಬಂದಾಗ ಕೊಯ್ಲು ಶುರುವಾಗಿತ್ತು. ಅವಳು ಆಗಲೇ ಚಿಕ್ಕಮಗಳೂರಿನಲ್ಲಿ ಫಾರ್ಮಸಿಗೆ ಸೇರಿ ಹಾಸ್ಟೆಲಿನಲ್ಲಿದ್ದಳು. ಪ್ರತಿ ವಾರದಂತೆ ಶನಿವಾರ ಮನೆಗೆ ಬಂದಳು. ಭಾನುವಾರ ಸಂಜೆ ಬಾ ಎಂದು ಅವಳಪ್ಪ ನನಗೆ ಹೇಳಿ ಕಳಿಸಿದ್ದರು. ಅಮ್ಮ ಇಸ್ತ್ರಿ ಮಾಡಿಕೊಟ್ಟ ಶರ್ಟು ಹಾಕಿಕೊಂಡು ಹೋದೆ. ಅವರು ಮನೆಯಲ್ಲಿ ಇರಲಿಲ್ಲ, ಕಣದಲ್ಲಿ ತೂಕ ಮಾಡಿಸುತ್ತಿದ್ದರು. ಕೊಯ್ಲಿನವರು ಅಂದು ಕೊಯ್ದ ಹಣ್ಣನ್ನು ಚೀಲದಲ್ಲಿ ತಂದು ತಕ್ಕಡಿಯ ಮುಂದೆ ಸಾಲಾಗಿ ಇಟ್ಟಿದ್ದರು. ಅವಳು ಅಪ್ಪನ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಿದ್ದಳು. ನನ್ನನ್ನು ನೋಡಿ ಒಮ್ಮೆ ನಕ್ಕು ಟಾರ್ಚನ್ನು ಮತ್ತೆ ತಕ್ಕಡಿಯ ಮುಳ್ಳಿನ ಕಡೆ ತಿರುಗಿಸಿದಳು.

ಸಾಲಿನಲ್ಲಿದ್ದ ಒಬ್ಬ ಹೆಂಗಸು ನನ್ನ ಕೂದಲು ಕತ್ತರಿಸಿದ ತಲೆಯನ್ನೂ ಶರ್ಟನ್ನೂ ನೋಡಿ, "ಇದು ಯಾರು ರೈಟ್ರೇ?" ಎಂದು ಕೇಳಿದರು.

ಅವಳಪ್ಪ ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ.

"ನಮ್ಮ ಹುಡುಗ. ಮಿಲಿಟ್ರಿಲಿದಾನೆ" ಎಂದರು. ಬಳಿಕ ನನ್ನ ಕಡೆ ತಿರುಗಿ, "ಸುಮ್ನೆ ನಿಂತ್ಕೊಂಡು ಎಂತ ನೋಡ್ತೀಯ ಮಾರಾಯ, ಆ ಚೀಲ ಎತ್ತಿ ಕೊಡು" ಎಂದರು.

ನಾನು ಶರ್ಟಿನ ತೋಳು ಮಡಚಿ ಚೀಲ ಎತ್ತಿದೆ.